ಮುರಿಗೆಪ್ಪನ ಹಲ್ಲು, ಹಾಲಮ್ಮನ ಮೊಣಕಾಲು

ಮುರಿಗೆಪ್ಪ ಹೆಂಡತಿಯ ಹತ್ತಿರ ಬೇರೆ ತಟ್ಟೆ ಕೇಳಿದನೆಂಬ ಸುದ್ದಿ ನಮ್ಮ ಬೀದಿಯನ್ನು ಸುತ್ತಿ ಬರಲು ಒಂದು ಬೆಳಗು ಸಾಕಾಯಿತು. ಬೇರೆ ಊರುಗಳಲ್ಲಿ ಇದು ಸುದ್ದಿಯೇ ಅಲ್ಲವಂತೆ. ಅಲ್ಲೆಲ್ಲ ಗಂಡ ಹೆಂಡತಿ ಹೇಗೂ ಬೇರೆ ಬೇರೆ ತಟ್ಟೆಯಲ್ಲೇ ಉಣ್ಣುತ್ತಾರಂತೆ. ನಮ್ಮೂರಿನಲ್ಲಿ ಹಾಗಲ್ಲ. ಇಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಇಬ್ಬರಿಗೆ ಮುಂದಿನ ಊಟದವರೆಗೂ ನೋವು ಸಮಪಾಲು. ಇವರ ತಲೆನೋವಿನಲ್ಲಿ ಅರ್ಧ ಅವರಿಗೆ, ಅವರ ಬೆನ್ನುನೋವಿನಲ್ಲಿ ಅರ್ಧ ಇವರಿಗೆ. ಅದಕ್ಕೇ ನಮ್ಮಲ್ಲಿ ಹೆರಿಗೆಗೆ ಹೊರಟ ಮಗಳನ್ನು ತಾಯಿ ತನ್ನ ತಟ್ಟೆಯಲ್ಲೇ ಉಣ್ಣಿಸಿ ಕಳಿಸುವುದು. ಹೋಟೆಲಿನಲ್ಲಿ ಒಂದು ಪ್ಲೇಟಿಗೆ ಎರಡು ಚಮಚ ಕೇಳಿದರೆ ಮಾಣಿ ಇಬ್ಬರ ಆರೋಗ್ಯವನ್ನೂ ವಿಚಾರಿಸಿಕೊಂಡೇ ತರುತ್ತಾನೆ. ಶಾಲೆಗೆ ಸೂಜಿಮದ್ದು ಚುಚ್ಚುವವರು ಬರುವ ದಿನ ಮಕ್ಕಳ ಬುತ್ತಿ ಡಬ್ಬಿಗಳ ಸುತ್ತ ನಡೆಯುವ ಒಪ್ಪಂದಗಳನ್ನು ನೋಡಿದರೆ ನಮ್ಮ ಪಂಚಾಯ್ತಿಯವರು ನಾಚಬೇಕು. ಮದುವೆಯಲ್ಲೂ ಅಷ್ಟೆ, ತಾಳಿ ಕಟ್ಟಿದ ಮೇಲೂ ಜನ ಕಾದು ಕೂರುತ್ತಾರೆ. ಗಂಡು ಹೆಣ್ಣು ಒಂದೇ ತಟ್ಟೆಗೆ ಕೈ ಹಾಕಿದ ಮೇಲೆಯೇ ಮದುವೆ ಆಯಿತು ಎನ್ನುವುದು.

ಹಾಗಿರುವಾಗ ಮದುವೆಯಾದ ದಿನದಿಂದ ಒಂದು ಹೊತ್ತೂ ತಪ್ಪದೆ ಹೆಂಡತಿಯ ಜೊತೆ ಉಂಡವನು, ನಾಳೆಯಿಂದ ನನ್ನ ತಟ್ಟೆ ಭಟ್ಟಿಗೇ ಕಳಿಸು ಎಂದರೆ ಅದು ಮನೆ ಬಿಟ್ಟು ಹೋದಂತೆಯೇ.

ಮುರಿಗೆಪ್ಪನದು ಹುರಿಗಾಳಿನ ಭಟ್ಟಿ. ನನ್ನ ಹಿಟ್ಟಿನ ಗಿರಣಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಕಡಲೆ, ಶೇಂಗಾ, ಬಟಾಣಿ ಯಾವುದೇ ಇರಲಿ, ಕಾದ ಮರಳಿನಲ್ಲಿ ಹಾಕಿ ತಿರುವಿ ಜರಡಿ ಹಿಡಿಯುವ ಮುಂಚೆ ಒಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತಾನೆ. ಬಲಗಡೆಯ ಕೆಳದವಡೆಯಲ್ಲಿಟ್ಟು ಕಡಿದು, ಅದರ ಸದ್ದು ಕೇಳಿ, ಸಾಕು ಅಥವಾ ಇನ್ನೊಂದು ಕೈ ತಿರುವು ಎನ್ನುತ್ತಾನೆ. ಅವನ ಶೇಂಗಾ ತಿಂದವರು ಬೇರೆಯವರ ಶೇಂಗಾ ಕೊಳ್ಳುವುದಿಲ್ಲ. ಹೆಂಡತಿ ಹಾಲಮ್ಮ ಮುಂದಿನ ಕಟ್ಟೆಯ ಮೇಲೆ ಕೂತು ತೂಗಿ ಪೊಟ್ಟಣ ಕಟ್ಟುತ್ತಾಳೆ. ಆಕೆಯ ಎಡ ಮೊಣಕಾಲು ಸವೆದು ಬಹಳ ಕಾಲವಾಯಿತು. ಆದರೂ ಅವಳು ಓಡಾಡಿಕೊಂಡಿದ್ದದ್ದು ಆ ನೋವಿನ ಅರ್ಧವನ್ನು ಗಂಡ ಹೊರುತ್ತಿದ್ದುದರಿಂದ. ಸಂಜೆಯಾಗುತ್ತಲೇ ಮುರಿಗೆಪ್ಪನೂ ಎಡಗಾಲು ಎಳೆಯುತ್ತಿದ್ದ. ಸಂತೆಯಲ್ಲಿ ನಿಂತಿದ್ದವನು ಇದ್ದಕ್ಕಿದ್ದಂತೆ ಮೊಣಕಾಲು ಹಿಡಿದುಕೊಂಡು, ಹಾಲಿ ಅಟ್ಟ ಹತ್ತಿದಳು ನೋಡು, ಎಷ್ಟು ಹೇಳಿದರೂ ಕೇಳಲ್ಲ ಎಂದು ನಗುತ್ತಿದ್ದ. ಊರಿನವರಿಗೆಲ್ಲ ಅದೊಂದು ತಮಾಷೆ. ಹಾಲಮ್ಮ ಮಾತ್ರ ನಗುತ್ತಿರಲಿಲ್ಲ. ತನ್ನ ಕಾಲು ಇವನಿಗೆ ಭಾರ ಎಂಬ ಅಳುಕು ಅವಳಿಗೆ ಮೊದಲಿನಿಂದಲೂ ಇತ್ತು.

ಬೇರೆ ತಟ್ಟೆಯಾಗಿ ಒಂದು ವಾರಕ್ಕೆ ಅವಳು ಗೋಧಿ ಡಬ್ಬ ಹೊತ್ತುಕೊಂಡು ಗಿರಣಿಗೆ ಬಂದಳು. ಬೇರೆ ಗಿರಾಕಿ ಹೋಗುವವರೆಗೆ ಸುಮ್ಮನೆ ನಿಂತಿದ್ದು ಆಮೇಲೆ ಬಾಯಿ ಬಿಟ್ಟಳು.

“ಅವರಿಗೂ ವಯಸ್ಸಾತು ಕೊಟ್ರಕ್ಕ. ನನ್ನ ಕಾಲು ಹೊತ್ತು ಹೊತ್ತು ಸಾಕಾಗಿರ್ಬೇಕು. ಬಾಯಿಬಿಟ್ಟು ಹೇಳಾಕೆ ಅವರಿಗೆ ಆಗಲ್ಲ, ಕೇಳಾಕೆ ನನಗಾಗಲ್ಲ.”

ಸೋಮವಾರದ ಬಸ್ಸಿಗೆ ತಂಗಿಯ ಊರಿಗೆ ಹೋಗಿಬಿಡುತ್ತೇನೆ, ಒಬ್ಬಳೇ ಉಣ್ಣುವುದಾದರೆ ಎಲ್ಲಿ ಉಂಡರೇನು ಎಂದಳು. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ಅಳಲಿಲ್ಲ, ಹಿಟ್ಟಿನ ಡಬ್ಬದ ಬಾಯಿಗೆ ಬಟ್ಟೆ ಕಟ್ಟಿ ಗಂಟನ್ನು ಎಳೆದೆಳೆದು ಬಿಗಿ ಮಾಡಿದಳು. ಅಂಥ ಗಂಟು ಹಾಕುವವರು ಹೋಗುತ್ತೇನೆ ಎಂದರೆ ಹೋಗುತ್ತಾರೆ.

ನನಗೆ ಅವಳ ಲೆಕ್ಕ ಸರಿಹೋಗಲಿಲ್ಲ. ಹೆಂಡತಿಯ ನೋವು ಬೇಸರವಾದ ಗಂಡಸು ಹಗುರಾಗಿ ಓಡಾಡುತ್ತಾನೆ, ಮೀಸೆ ತಿರುವುತ್ತಾನೆ. ಮುರಿಗೆಪ್ಪ ಆ ವಾರದಲ್ಲಿ ಬತ್ತಿಹೋಗಿದ್ದ. ಚಹಾ ಆರಿ ತಣ್ಣಗಾಗುವವರೆಗೆ ಕಾದು ಎಡಗಡೆಯಿಂದ ಹೀರುತ್ತಿದ್ದ. ಹತ್ತಿರ ಹೋದರೆ ಲವಂಗದ ವಾಸನೆ. ಎಲ್ಲಕ್ಕಿಂತ ಮುಖ್ಯ, ಅವನ ಶೇಂಗಾ ಕೆಟ್ಟಿತ್ತು. ಒಂದು ದಿನ ಹಸಿ, ಇನ್ನೊಂದು ದಿನ ಕಪ್ಪು. ನಾನು ಒಂದು ಹಿಡಿ ಬಟಾಣಿ ಅವನ ಮುಂದೆ ಹಿಡಿದು, ನನ್ನೆದುರಿಗೆ ಬಲಗಡೆ ಕಡಿ ನೋಡೋಣ ಎಂದೆ. ಅವನು ಬಟಾಣಿಯನ್ನೂ ನನ್ನನ್ನೂ ನೋಡಿ ಕೂತುಬಿಟ್ಟ.

ಹಲ್ಲಿನ ಮಾತು ಹೊರಬಂತು. ದವಡೆಯ ಹಲ್ಲು ಒಳಗೇ ಹುಳುಕಾಗಿ, ಮಲಗಿದರೆ ಸಾಕು ಕಿವಿಯವರೆಗೂ ಸಿಡಿಯುತ್ತಿತ್ತಂತೆ. ಹಾಲಮ್ಮನಿಗೆ ಆ ಕಾಲೇ ಸಾಕು, ಮೇಲೆ ನನ್ನ ಹಲ್ಲು ಬೇರೆ ಹೊರಿಸಲೇ ಎಂದು ತಟ್ಟೆ ಬೇರೆ ಮಾಡಿದ್ದನಂತೆ. ಅದು ನಿಜ. ಆದರೆ ಅರ್ಧ ನಿಜ. ಅವಳಿಗೆ ಗೊತ್ತಾದರೆ ಆ ಗಳಿಗೆಯೇ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ ಎಂಬುದು ಇನ್ನರ್ಧ. ಅವಳಿಗೆ ಹೇಳಬೇಡ ಎಂದು ಕೈ ಮುಗಿದ. ಹೇಳುವ ಹಾಗೂ ಇರಲಿಲ್ಲ. ಬೀದಿ ಏನೇ ಆಡಿಕೊಳ್ಳಲಿ, ಗಂಡ ಹೆಂಡತಿಯಲ್ಲಿ ಒಬ್ಬರ ತಟ್ಟೆಯ ಗುಟ್ಟನ್ನು ಮೂರನೆಯವರು ಇನ್ನೊಬ್ಬರಿಗೆ ಮುಟ್ಟಿಸಬಾರದು ಎಂಬುದು ನಮ್ಮೂರಿನ ಕಟ್ಟು. ಅದು ಒಳ್ಳೆಯ ಕಟ್ಟೇ. ಆ ವಾರ ಮಾತ್ರ ಅದು ನನ್ನ ಗಂಟಲಿಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ತೋರಿಸಿಕೊಂಡಾದರೂ ಬಾ ಎಂದು ನಾನೇ ಕರೆದುಕೊಂಡು ಹೋದೆ. ಡಾಕ್ಟರ್ ಇಂದುಮತಿ ಹೊರಗಿನವರು. ಅವರ ಆಸ್ಪತ್ರೆ ಗಿರಣಿಯ ಎದುರಿಗೇ, ಸೈಕಲ್ ಅಂಗಡಿಯ ಮೇಲೆ. ಊರಿಗೆ ಬಂದ ಹೊಸದರಲ್ಲಿ, ಯಾರು ಎಷ್ಟು ಪ್ರೀತಿಯಿಂದ ಕರೆದರೂ ಪೇಷಂಟುಗಳ ತಟ್ಟೆಗೆ ಕೈ ಹಾಕಬೇಡಿ ಎಂದು ಅವರಿಗೆ ಹೇಳಿಕೊಟ್ಟವಳು ನಾನೇ. ಅವರು ಹಲ್ಲಿನ ಫೋಟೋ ತೆಗೆದು, ಕೀಳುವುದು ಬೇಡ, ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತದೆ, ಸೋಮವಾರ ಬನ್ನಿ ಎಂದರು. ಮುರಿಗೆಪ್ಪ ಹತ್ತುವಾಗ ಒಂದೊಂದೇ ಮೆಟ್ಟಿಲು ಹತ್ತಿದವನು ಇಳಿಯುವಾಗ ತಪ್ಪಿಸಿಕೊಂಡು ಓಡುವವನ ಹಾಗೆ ಎರಡೆರಡು ಮೆಟ್ಟಿಲು ಇಳಿದ.

ಅವನ ತಲೆಯಲ್ಲಿ ಕೂತಿದ್ದದ್ದು ಕಟಿಂಗ್ ಶಾಪಿನ ಮಾತು. ಅಲ್ಲಿ ಒಬ್ಬ, ಹಲ್ಲಿನ ನರ ಎಳೆದರೆ ಅದು ಕಣ್ಣಿನ ಹಿಂದಿನಿಂದ ದಾರದ ಹಾಗೆ ಬರುತ್ತದೆ ಎಂದಿದ್ದನಂತೆ. ಇನ್ನೊಬ್ಬ, ಬೋರ್‌ವೆಲ್ ಕೊರೆದ ಹಾಗೆ ದವಡೆಯ ಮೂಳೆಯವರೆಗೂ ಕೊರೆಯುತ್ತಾರೆ ಎಂದಿದ್ದನಂತೆ. ಕೆನಾಲ್ ತೋಡಿದ ಮೇಲೆ ನೀರು ಬಿಡೋದು ಯಾವಾಗ ಎಂದು ಮತ್ತೊಬ್ಬ ಕೇಳಿದನಂತೆ. ನಾನು ವಿಚಾರಿಸಿ ನೋಡಿದೆ. ಹೆದರಿಸಿದವರಲ್ಲಿ ಒಬ್ಬರೂ ಮಾಡಿಸಿಕೊಂಡಿರಲಿಲ್ಲ. ಮಾಡಿಸಿಕೊಂಡವರಲ್ಲಿ ಒಬ್ಬರೂ ಹೆದರಿಸಲಿಲ್ಲ.

ಆದರೆ ಆ ಕಥೆಗಳ ಕೆಳಗೆ ಬೇರೊಂದು ಹೆದರಿಕೆ ಇತ್ತು. ಕೆದಕಿದ ಮೇಲೆ ಹೇಳಿದ. ಕಾದ ಮರಳಿಗೆ ಕೈ ಒಡ್ಡುವವನು ನೋವಿಗೆ ಅಂಜುವವನಲ್ಲ. “ಬಾಯಿ ತೆಗೆದು ಮಲಗಿದ ಮೇಲೆ ನಿಲ್ಲಿಸ್ರಿ ಅನ್ನಾಕೂ ಬಾಯಿ ಇರಲ್ಲ ಕೊಟ್ರಕ್ಕ. ಒಳಗೆ ಏನು ಮಾಡ್ತಾರೆ ಅಂತ ಕಾಣ್ಸಲ್ಲ. ಸುಮ್ನೆ ಬಿದ್ದಿರ್ಬೇಕು,” ಎಂದ. ನಮ್ಮೂರಿನ ತಟ್ಟೆಯಲ್ಲಿ ನೋವಿಗೆ ಪಾಲುಂಟು, ಹೆದರಿಕೆಗೆ ಪಾಲಿಲ್ಲ. ಅದನ್ನು ಪ್ರತಿಯೊಬ್ಬರೂ ಪೂರ್ತಿಯಾಗಿಯೇ ಹೊರಬೇಕು.

ಆದರೂ ನನಗೊಂದು ಉಪಾಯ ಹೊಳೆಯಿತು. ಬಸ್ ಕಂಡಕ್ಟರ್ ಖಲಂದರನಿಗೆ ಶನಿವಾರ ಅದೇ ರೂಟ್ ಕೆನಾಲ್ ಇತ್ತು. ಅವನ ಜೊತೆ ಬೆಳಿಗ್ಗೆ ಒಂದೇ ತಟ್ಟೆಯಲ್ಲಿ ತಿಂಡಿ ತಿಂದುಬಿಡು ಎಂದೆ ಮುರಿಗೆಪ್ಪನಿಗೆ. ಅವನ ನೋವಿನಲ್ಲಿ ಅರ್ಧ ನಿನಗೆ ಬರುತ್ತದೆ. ಗಿರಣಿಯಲ್ಲಿ ಕೂತಲ್ಲೇ ನೋಡು, ಎಷ್ಟಿದೆ ಅಂತ. ಅದರ ಎರಡರಷ್ಟು ತಡೆಯಬಲ್ಲೆ ಅನಿಸಿದರೆ ಹೋಗು, ಇಲ್ಲದಿದ್ದರೆ ಬಿಡು. ಕಾಳು ಕೊಳ್ಳುವ ಮುಂಚೆ ಒಂದು ಕಾಳು ರುಚಿ ನೋಡುವುದಿಲ್ಲವೇ, ಹಾಗೆ. ವ್ಯಾಪಾರದ ಮಾತು ಅವನಿಗೆ ಹಿಡಿಸಿತು. ಖಲಂದರನಿಗಂತೂ ತನ್ನ ನೋವಿನ ಅರ್ಧ ತಾನಾಗಿ ಬಂದು ಹೊರುವವನು ಸಿಕ್ಕಿದ ಖುಷಿ. ಊರಿನ ಮರ್ಯಾದೆಯಂತೆ, ನಿನಗೇನಾದರೂ ನೋವಿದೆಯಾ ಮುರಿಗೆಣ್ಣ ಎಂದು ಕೇಳಿದ. ಸ್ವಲ್ಪ ಹಲ್ಲು ಜುಮ್ಮಂತೈತೆ ಅಷ್ಟೇ ಎಂದ ಇವನು. ನಾನು ಉಪ್ಪಿಟ್ಟು ಮೆತ್ತಗೆ ಮಾಡಿದ್ದೆ. ಇಬ್ಬರೂ ಗಿರಣಿಯ ಒಳಗೆ ಒಂದೇ ತಟ್ಟೆಗೆ ಕೈ ಹಾಕಿ ತಿಂದರು. ಖಲಂದರ್ ರಸ್ತೆ ದಾಟಿ ಮೆಟ್ಟಿಲು ಹತ್ತಿದ. ಮುರಿಗೆಪ್ಪ ಗೋಧಿ ಚೀಲದ ಮೇಲೆ ಕೂತು, ಎರಡೂ ಕೈಗಳಿಂದ ಕೆನ್ನೆ ಹಿಡಿದು ಕಾದ.

ಸ್ವಲ್ಪ ಹೊತ್ತಿಗೆ, ಇರುವೆ ಕಚ್ಚಿದ ಹಾಗಾಯಿತು ಎಂದ. ಅದು ಸೂಜಿ ಎಂದೆ. ಆಮೇಲೆ ಕಾದ, ಮತ್ತೆ ಕಾದ. ಇನ್ನೂ ಶುರು ಮಾಡಿಲ್ಲ ಅನಿಸುತ್ತೆ ಎಂದ. ಮತ್ತೂ ಸ್ವಲ್ಪ ಹೊತ್ತಿಗೆ ನೋಡಿದರೆ ಚೀಲಗಳಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದ. ವಾರದಿಂದ ಕಣ್ಣು ಮುಚ್ಚದವನು. ಗಿರಣಿಯ ಸದ್ದಿಗೂ ಏಳಲಿಲ್ಲ. ನನ್ನ ಉಪಾಯಕ್ಕೆ ನಾನೇ ಬೀಗುತ್ತಾ ನಿಂತಿದ್ದೆ.

ಪಾಲು ಎರಡೂ ಕಡೆಗೆ ನಡೆಯುತ್ತದೆ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಅವನ ನೋವು ಇವನಿಗೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕುವ ಭರದಲ್ಲಿ, ಇವನ ನೋವು ಅವನಿಗೆ ಎಷ್ಟು ಹೋಗುತ್ತದೆ ಎಂಬ ಯೋಚನೆ ನಮಗಿಬ್ಬರಿಗೂ ಬರಲೇ ಇಲ್ಲ.

ಎದುರಿನ ಮಹಡಿಯ ಕಿಟಕಿ ತೆರೆಯಿತು. ಕೊರಳಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಖಲಂದರ್ ತಲೆ ಹೊರಹಾಕಿದ. ಒಂದು ಪಕ್ಕದ ತುಟಿ ಜೋತು ಬಿದ್ದಿತ್ತು, ಆದರೆ ಬಸ್ಸಿನ ಹಿಂದಿನ ಸೀಟಿನವರೆಗೂ ಮುಟ್ಟಿಸುವ ಗಂಟಲಿಗೆ ಏನೂ ಆಗಿರಲಿಲ್ಲ.

“ಕೊಟ್ರಕ್ಕೋ, ಮುರಿಗೆಣ್ಣಂಗೆ ಹೇಳು. ನನ್ನ ಹಲ್ಲಿಂದು ಮುಗೀತಾ ಬಂತು, ಅದರಾಗೆ ಏನೂ ನೋವಿಲ್ಲ. ಅವನ ಹಲ್ಲೇ ನನ್ನ ಜೀವ ತಿಂತೈತೆ. ಇದಕ್ಕೆ ಜುಮ್ಮಂತೈತೆ ಅಂದ್ನಲ್ಲ, ಅವನ ಬಾಯಿಗಿಷ್ಟು.”

ಡಾಕ್ಟರು ಆಮೇಲೆ ಹೇಳಿದರು. ಖಲಂದರನ ಹಲ್ಲು ಮೇಲಿನ ಎಡಗಡೆಯದು, ಪೂರ್ತಿ ಮರಗಟ್ಟಿತ್ತು. ಆದರೂ ಇವನು ಕೆಳಗಿನ ಬಲಗಡೆ ತೋರಿಸುತ್ತಾ ನರಳುತ್ತಿದ್ದ. ಅಲ್ಲಿ ತಟ್ಟಿ ನೋಡಿದರೆ ಕಲ್ಲಿನಂಥ ಹಲ್ಲು. ಮೊದಲ ವರ್ಷವಾಗಿದ್ದರೆ ತಬ್ಬಿಬ್ಬಾಗುತ್ತಿದ್ದರಂತೆ. ಈಗ ಸಲಕರಣೆ ಕೆಳಗಿಟ್ಟು, ಬೆಳಿಗ್ಗೆ ಯಾರ ತಟ್ಟೆ ಎಂದು ನೇರ ಕೇಳಿದರಂತೆ.

ಕಿಟಕಿಯ ಕೆಳಗೆ ತರಕಾರಿ ಗಾಡಿ. ಗಾಡಿಯ ಹತ್ತಿರ ಹಾಲಮ್ಮ. ಅವಳು ಆರಿಸಿದ್ದ ಬದನೆಕಾಯಿಯನ್ನು ಗಾಡಿಗೇ ಹಾಕಿ, ಕಾಲೆಳೆಯುತ್ತಾ ಗಿರಣಿಗೆ ಬಂದಳು. ತೊಳೆಯದ ತಟ್ಟೆ ಅಲ್ಲೇ ಇತ್ತು. ಅದನ್ನು ನೋಡಿದಳು. ನಿದ್ದೆ ಹೋದ ಗಂಡನನ್ನು ನೋಡಿದಳು. ನಾನು ಗಿರಣಿ ನಿಲ್ಲಿಸಿದೆ. ಸದ್ದು ನಿಂತದ್ದಕ್ಕೆ ಅವನಿಗೆ ಎಚ್ಚರವಾಯಿತು.

“ಕಂಡಕ್ಟರ್ ತಟ್ಟೇಲಿ ಉಂಡ್ರಂತೆ,” ಎಂದಳು.

“ಹಾಲೀ, ಅದು ಹಲ್ಲು...”

“ಹಲ್ಲು ಅಂತ ಬೀದಿಗೆಲ್ಲ ಗೊತ್ತಾತು. ಕೊನೆಗೆ ನನಗೂ ಗೊತ್ತಾತು.”

ನಿನ್ನ ಕಾಲೇ ನಿನಗೆ ಹೆಚ್ಚಾಗಿತ್ತು, ಅದಕ್ಕೇ ಎಂದು ಅವನು ತೊದಲಿದ. ಅವಳು ತಡೆದಳು. “ನನ್ನ ಕಾಲು ಹೊರಾದು ನಿಮಗೆ ಬ್ಯಾಸರ ಆತು ಅಂದ್ಕೊಂಡೆ. ಚೀಲ ಕಟ್ಟಿ ಇಟ್ಟೀನಿ, ಗೊತ್ತಾ? ಸೋಮವಾರದ ಬಸ್ಸಿಗೆ.”

ಮುರಿಗೆಪ್ಪನ ಮುಖ ನೋಡುವ ಹಾಗಿರಲಿಲ್ಲ. ಇದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಗಂಡಸರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಗುಂಗು ಹತ್ತಿದರೆ ಪಕ್ಕದಲ್ಲಿ ಇರುವವರು ಕಾಣುವುದಿಲ್ಲ. ಎದ್ದು ನಿಂತ, ಕೂತ, ಆಮೇಲೆ ನೆಲ ನೋಡುತ್ತಾ ಹೇಳಿದ.

“ನಿನ್ನ ಕಾಲುನೋವು ಇಲ್ದೆ ವಾರದಿಂದ ನಂಗೆ ನೆಲೆನೇ ತಪ್ಪೈತೆ. ಮೊದಲಾದ್ರೆ ನೀನು ಮೆಟ್ಟಿಲು ಹತ್ತಿದ್ರೆ ಗೊತ್ತಾಗ್ತಿತ್ತು, ನೀರು ಎತ್ತಿದ್ರೆ ಗೊತ್ತಾಗ್ತಿತ್ತು. ಈಗ ಎಲ್ಲಿದೀಯ, ಏನು ಮಾಡ್ತಿದೀಯ, ಒಂದೂ ತಿಳಿಯಲ್ಲ ಹಾಲಿ.”

ಹಾಲಮ್ಮ ತಟ್ಟೆ ಎತ್ತಿಕೊಂಡು ನನ್ನ ನಲ್ಲಿಯ ಹತ್ತಿರ ಹೋಗಿ ತೊಳೆದಳು. ಯಾರ ಮನೆಯ ತಟ್ಟೆ ಎಂದೂ ನೋಡಲಿಲ್ಲ.

“ಸೋಮವಾರ ಒಂದೇ ತಟ್ಟೆ. ಆಮೇಲೆ ಹಲ್ಲಿನ ಡಾಕ್ಟ್ರು,” ಎಂದಳು ಬೆನ್ನು ಹಾಕಿಕೊಂಡೇ.

“ಅದು ನೋಯ್ತು ಅಂದ್ರೆ ನಿಂಗೂ...”

“ನೋಯ್ಲಿ. ಇಷ್ಟು ವರ್ಷ ನೀವೇ ಹೊತ್ರಿ. ನನಗೂ ಒಂದಿಷ್ಟು ಹೊರಾಕೆ ಕೊಡ್ರಿ.”

ಭಾನುವಾರ ಖಲಂದರ್ ತಾನಾಗಿಯೇ ಗಿರಣಿಗೆ ಬಂದ. ಬೈಯಲು ಬಂದವನು ಮುರಿಗೆಪ್ಪನ ಮುಖ ನೋಡಿ ಪಾಠ ಹೇಳಲು ಕೂತ. ತುಟಿ ಮರಗಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಬಿಟ್ಟಿತಂತೆ, ಅಲ್ಲಿಯವರೆಗೆ ಏನೂ ಅಗಿಯಬೇಡ ಎಂದಿದ್ದರಂತೆ, ಇಲ್ಲದಿದ್ದರೆ ಕೆನ್ನೆಯನ್ನೇ ಕಚ್ಚಿಕೊಳ್ಳುತ್ತೇವಂತೆ. ಈಗ ಆ ಹಲ್ಲನ್ನು ಒತ್ತಿದರೆ ಸ್ವಲ್ಪ ನೋವಿದೆ, ಏಟು ಬಿದ್ದ ಜಾಗದ ಹಾಗೆ. ಎರಡು ಮೂರು ದಿನಕ್ಕೆ ಇಳಿಯುತ್ತದಂತೆ, ಇಳಿಯದೆ ಹೆಚ್ಚಾದರೆ ಮಾತ್ರ ಬಂದು ತೋರಿಸಬೇಕಂತೆ. ಆಮೇಲೊಂದು ದಿನ ಹಲ್ಲಿನ ಮೇಲೆ ಟೋಪಿಯಂಥ ಕವಚ ಕೂರಿಸುತ್ತಾರೆ. ಎಲ್ಲಕ್ಕಿಂತ ಕಷ್ಟ ಯಾವುದು ಎಂದು ಮುರಿಗೆಪ್ಪ ಕೇಳಿದ. ಬಾಯಿ ತೆಕ್ಕೊಂಡಿರೋದು, ದವಡೆ ಸೋಲುತ್ತೆ ಎಂದ ಖಲಂದರ್. ಆಮೇಲೆ ಯೋಚಿಸಿ, ಮಾತಾಡದೆ ಇರೋದು ಅದಕ್ಕಿಂತ ಕಷ್ಟ ಎಂದ. ಅವನ ಮಟ್ಟಿಗೆ ಅದು ನಿಜ.

ಸೋಮವಾರ ಬೆಳಿಗ್ಗೆ ಹಾಲಮ್ಮ ಹಾಲು ಅನ್ನ ಕಲಸಿದಳು. ಖಾಲಿ ಹೊಟ್ಟೆಯಲ್ಲಿ ಬರಬೇಡಿ ಎಂದು ಡಾಕ್ಟರೇ ಹೇಳಿದ್ದರು, ಅದು ನಮ್ಮೂರಿಗೆ ಚೆನ್ನಾಗಿಯೇ ಹೊಂದುವ ಮಾತು. ಒಂದೇ ತಟ್ಟೆಗೆ ಇಬ್ಬರೂ ಕೈ ಹಾಕಿದರು. ಮೂರನೆಯ ತುತ್ತಿಗೆ ಅವಳ ಕೈ ಕೆನ್ನೆಗೆ ಹೋಯಿತು, ಅವನ ಕೈ ಮೊಣಕಾಲಿಗೆ ಹೋಯಿತು. ಅವಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದು, ಇದನ್ನು ಬಾಯೊಳಗೆ ಇಟ್ಟುಕೊಂಡು ವಾರವೆಲ್ಲ ಭಟ್ಟಿ ಉರಿಸಿದಿರಾ ಎಂದಷ್ಟೇ ಕೇಳಿದಳು.

ಮೆಟ್ಟಿಲನ್ನು ಇಬ್ಬರೂ ಎಡಗಾಲು ಎಳೆಯುತ್ತಾ ಹತ್ತಿದರು, ಅವರ ಹಿಂದೆ ನಾನು. ಒಳಗೆ ಒಬ್ಬರು ಜೊತೆಗಿರಬಹುದು ಎಂದರು ಡಾಕ್ಟರು. ನೋವು ತಡೆಯುತ್ತೇನೆ, ನೋಡಲಾರೆ ಎಂದು ಹಾಲಮ್ಮ ಹೊರಗೇ ಉಳಿದಳು. ನಾನು ಒಳಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತೆ. ಡಾಕ್ಟರಿಗೆ ಅವನ ಹೆದರಿಕೆಯನ್ನು ನಾನು ಮೊದಲೇ ಹೇಳಿದ್ದೆ. ಅವರು ನಗಲಿಲ್ಲ. ಕುರ್ಚಿಯನ್ನು ನೇರವಾಗಿಯೇ ಇಟ್ಟು, ಎದುರಿಗೆ ಕೂತು, ಏನು ಮಾಡುತ್ತೇನೆ ಎಂದು ಒಂದೊಂದಾಗಿ ಹೇಳಿದರು. ಮೊದಲು ಸೂಜಿ. ಮರಗಟ್ಟುವವರೆಗೆ ಕಾಯುವುದು. ಸಾಲದಿದ್ದರೆ ಇನ್ನೊಂದು ಸೂಜಿ. ಮರಗಟ್ಟದೆ ಕೈ ಹಾಕುವುದಿಲ್ಲ. ಹಲ್ಲಿನ ಸುತ್ತ ಒಂದು ರಬ್ಬರ್ ಹಾಳೆ. ಹಲ್ಲಿನ ತಲೆಯಲ್ಲಿ ಸಣ್ಣ ಕಿಂಡಿ, ಒಳಗೆ ಕೊಳೆತದ್ದನ್ನು ಕೂದಲಿನಂಥ ಅರಗಳಿಂದ ತೆಗೆದು ತೊಳೆಯುವುದು, ಔಷಧಿ ತುಂಬಿ ಮುಚ್ಚುವುದು. “ಎಡಗೈ ಎತ್ತಿ. ಎತ್ತಿದ ಕ್ಷಣ ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ. ನೋವಾದ್ರೂ ಸರಿ, ಸುಮ್ಮನೆ ಸಾಕು ಅನ್ನಿಸಿದ್ರೂ ಸರಿ.”

ಮುರಿಗೆಪ್ಪ ವ್ಯಾಪಾರಸ್ಥ. ಮಾತನ್ನು ತೂಗಿ ನೋಡದೆ ಕೊಳ್ಳುವವನಲ್ಲ. ಸೂಜಿ ಹತ್ತಿರ ಬರುತ್ತಿದ್ದಂತೆ ಕೈ ಎತ್ತಿದ. ಅವರು ನಿಲ್ಲಿಸಿದರು. ಕೈ ಇಳಿಸಿದ ಮೇಲೆ ಚುಚ್ಚಿದರು. ಹಾಳೆ ಕಟ್ಟುವಾಗ ಎತ್ತಿದ, ನಿಲ್ಲಿಸಿದರು. ಯಂತ್ರ ಗುಂಯ್ ಎನ್ನುತ್ತಲೇ ಮತ್ತೆ ಎತ್ತಿದ. ಅವರು ಮತ್ತೆ ನಿಲ್ಲಿಸಿ, ಮುಖದಲ್ಲಿ ಒಂದು ಗೆರೆಯೂ ಬದಲಾಗದೆ, ಕಿಟಕಿಯ ಹೊರಗೆ ನೋಡುತ್ತಾ ಕಾದರು. ಅಲ್ಲಿಗೆ ಅವನ ಹೆಗಲು ಇಳಿಯಿತು. ಕುರ್ಚಿಯ ಕೈಯನ್ನು ಹಿಡಿದಿದ್ದ ಬೆರಳುಗಳು ಒಂದೊಂದೇ ಬಿಟ್ಟವು. ಯಂತ್ರ ಓಡಿತು. ಆಮೇಲೆ ಡಾಕ್ಟರು ಗಡಿಯಾರ ರಿಪೇರಿಯವನ ಹಾಗೆ ಬಗ್ಗಿ, ಸಣ್ಣ ಅರಗಳನ್ನು ಬೆರಳಲ್ಲಿ ತಿರುವುತ್ತಾ ಕೆಲಸಕ್ಕೆ ಬಿದ್ದರು. ರೇಡಿಯೋದಲ್ಲಿ ಪೇಟೆ ಧಾರಣೆ ಬರುತ್ತಿತ್ತು. ಅವನು ಶೇಂಗಾದ ದರಕ್ಕೆ ಕಿವಿಗೊಟ್ಟಿದ್ದಾನೆಂದು ಹುಬ್ಬಿನಲ್ಲೇ ಗೊತ್ತಾಗುತ್ತಿತ್ತು.

ಅರ್ಧ ಕೆಲಸ ಮುಗಿದಿರಬೇಕು, ಎಡಗೈ ಮತ್ತೆ ಮೇಲೆ ಹೋಯಿತು. ಈ ಸಲ ಪರೀಕ್ಷೆಯದಾಗಿರಲಿಲ್ಲ, ಹಣೆ ಗಂಟಿಕ್ಕಿತ್ತು. ಡಾಕ್ಟರು ತಕ್ಷಣ ಕೈ ತೆಗೆದರು.

“ನೋಯ್ತಿದೆಯಾ?”

ಹೌದೆಂದು ತಲೆಯಾಡಿಸಿದ.

“ಎಲ್ಲಿ, ತೋರಿಸಿ.”

ಎತ್ತಿದ ಕೈ ನಿಧಾನವಾಗಿ ಕೆಳಗೆ ಬಂತು. ದವಡೆಯನ್ನು ದಾಟಿತು, ಎದೆಯನ್ನು ದಾಟಿತು, ಎಡ ಮೊಣಕಾಲಿನ ಮೇಲೆ ಹೋಗಿ ಕೂತಿತು. ಡಾಕ್ಟರು ನನ್ನ ಮುಖ ನೋಡಿದರು. ನಾನೆದ್ದು ಪರದೆ ಸರಿಸಿದೆ. ಹಾಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು, ನಾವು ಒಳಗೆ ಹೋದಾಗ ಹೇಗಿದ್ದಳೋ ಹಾಗೆಯೇ ನಿಂತಿದ್ದಳು. ಪಕ್ಕದ ಬೆಂಚು ಪೂರ್ತಿ ಖಾಲಿ ಇತ್ತು.

“ಕೂತ್ಕೋ ಹಾಲಮ್ಮ,” ಎಂದೆ. “ಅವನಿಗೆ ನೋಯ್ತೈತಂತೆ.”

ಅವಳು ಮೊದಲು ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಅರ್ಥವಾಯಿತು. ಬೆಂಚಿನ ಮೇಲೆ ಕೂತು, ಕಾಲನ್ನು ಎರಡೂ ಕೈಯಿಂದ ಎತ್ತಿ ಉದ್ದಕ್ಕೆ ಚಾಚಿದಳು. ನಾನು ಒಳಗೆ ತಿರುಗುವಷ್ಟರಲ್ಲಿ ಮುರಿಗೆಪ್ಪನ ಕೈ ಮೊಣಕಾಲು ಬಿಟ್ಟು ಹೊಟ್ಟೆಯ ಮೇಲೆ ಬಂದಿತ್ತು. ಡಾಕ್ಟರು ಹೇಳುವ ಮೊದಲೇ ಅವನು ಬಾಯಿ ಅಗಲಿಸಿದ.